ಬಂಡೆ ಹತ್ತುವ ಪುಟ್ಟ ಗಾಡಿ



ಈದ್ ಮುಗಿದ ವಾರದಲ್ಲೇ ಮಾರಿಕುಪ್ಪಂ ಕಡೆಯ ಒಬ್ಬ ತಾಯಿ ನಮ್ಮ ಮನೆಗೆ ಬಂದರು. ಕೈಯಲ್ಲೊಂದು ಚೀಲ. ಚೀಲದೊಳಗೆ ಬಿಚ್ಚಿ ಹಾಕಿದ ಪುಟ್ಟ ಜೀಪು, ಒಂದು ಹಿಡಿ ಸ್ಕ್ರೂಗಳು.

“ಆಪಾ, ನನ್ನ ಮಗ ಒಂಬತ್ತನೇ ತರಗತಿ. ಅವನ ಮಾಮೂ ಬೆಂಗಳೂರಿನಿಂದ ಇದನ್ನು ಸೆಕೆಂಡ್ ಹ್ಯಾಂಡ್ ತಂದುಕೊಟ್ಟ ದಿನದಿಂದ ಪುಸ್ತಕ ಮುಟ್ಟುವುದಿಲ್ಲ. ಈದಿಯ ಹಣವೆಲ್ಲ ಹೊಸ ಮೋಟಾರಿಗೆ ಹೋಯಿತು. ಈಗ ಇನ್ನೂ ದೊಡ್ಡ ಮೋಟಾರು ಬೇಕಂತೆ. ನೀವಾದರೂ ಬಂದು ಬೈದು ಬುದ್ಧಿ ಹೇಳಿ” ಎಂದರು.

ಬೈಯಲೆಂದೇ ಹೋದೆ. ಆದರೆ ಬೈಯದೆ ಬಂದೆ. ಏಕೆಂಬುದನ್ನು ಈ ತಿಂಗಳು ನಿಮಗೆ ಹೇಳಬೇಕು. ಏಕೆಂದರೆ ಇಂತಹ ಗಾಡಿ ಇಂದು ಹಲವು ಮನೆಗಳಿಗೆ ಬಂದಿದೆ. ನಿಮ್ಮ ಮನೆಗೂ ಬರಬಹುದು. ಬಂದಾಗ ಅದನ್ನು ಅಟ್ಟದ ಮೇಲೆ ಎಸೆಯಬೇಕೇ, ಮಗನ ಪಕ್ಕ ಕುಳಿತು ನೋಡಬೇಕೇ ಎಂದು ನಿರ್ಧರಿಸುವವರು ತಾಯಂದಿರಾದ ನಾವೇ.

ಇದು ಓಡುವ ಗಾಡಿಯಲ್ಲ

ಮೊದಲು ಈ ಗಾಡಿ ಏನೆಂದು ತಿಳಿಯೋಣ. ಇದಕ್ಕೆ ‘ರಾಕ್ ಕ್ರಾಲರ್’ ಎಂದು ಹೆಸರು. ಕ್ರಾಲ್ ಎಂದರೆ ತೆವಳುವುದು, ಅಂಬೆಗಾಲಿಡುವುದು. ಕೆಜಿಎಫ್‌ನವರಿಗೆ ಈ ಪದ ಹೊಸತಲ್ಲ. 1964ರಲ್ಲಿ ಆರಂಭವಾದ ಬೆಮೆಲ್ ಕಂಪೆನಿಯ ಕಾರ್ಖಾನೆಯಲ್ಲಿ ತಯಾರಾಗುವ, ಉಕ್ಕಿನ ಚೈನಿನ ಮೇಲೆ ತೆವಳುವ ಬುಲ್ಡೋಜರನ್ನು ಕ್ರಾಲರ್ ಎಂದೇ ಕರೆಯುತ್ತಾರೆ. ಮಕ್ಕಳ ಈ ಗಾಡಿಗೆ ಚೈನು ಇಲ್ಲ, ನಾಲ್ಕು ದೊಡ್ಡ ಮೆತ್ತನೆಯ ಟಯರುಗಳಿವೆ. ನಿಜವಾದ ಜೀಪಿನ ಹತ್ತನೇ ಒಂದರಷ್ಟು ಗಾತ್ರ. ಸುಮಾರು ಒಂದೂವರೆ ಅಡಿ ಉದ್ದ, ಎರಡು ಮೂರು ಕಿಲೋ ತೂಕ. ಕೈಯಲ್ಲಿ ರಿಮೋಟ್ ಹಿಡಿದು, ಇದನ್ನು ಬಂಡೆಯ ಮೇಲೆ ಇಂಚು ಇಂಚಾಗಿ ಹತ್ತಿಸಬೇಕು.

ಅಮೆರಿಕಾದಲ್ಲಿ ದೊಡ್ಡವರು ನಿಜವಾದ ಜೀಪುಗಳನ್ನು ಬಂಡೆ ಹತ್ತಿಸುವ ಸ್ಪರ್ಧೆಗಳನ್ನು ನೋಡಿ, ಹವ್ಯಾಸಿಗಳು ಇದರ ಸಣ್ಣ ರೂಪವನ್ನು ಮಾಡಿಕೊಂಡರು. ಆರಂಭದಲ್ಲಿ ಜಪಾನಿನ ತಮಿಯಾ ಕಂಪೆನಿಯ ಆಟಿಕೆ ಟ್ರಕ್ಕುಗಳ ಆಕ್ಸಲ್ ಬಿಚ್ಚಿ, ತಾವೇ ಚಾಸಿ ಕಟ್ಟಿ ಜೋಡಿಸುತ್ತಿದ್ದರು. 2007ರಲ್ಲಿ ಆಕ್ಸಿಯಲ್ ಎಂಬ ಕಂಪೆನಿ ಇದಕ್ಕೆಂದೇ ಎಎಕ್ಸ್10 ಎಂಬ ಮಾದರಿಯನ್ನು ತಂದಿತು. 2017ರಲ್ಲಿ ಟ್ರಾಕ್ಸಸ್ ಕಂಪೆನಿಯ ಟಿಆರ್‌ಎಕ್ಸ್-4 ಬಂತು. ಡಬ್ಲ್ಯೂಪಿಎಲ್, ಎಂಎನ್ ಎಂಬ ಚೀನಾ ಕಂಪೆನಿಗಳ ಚಿಕ್ಕ, ಅಗ್ಗದ ಮಾದರಿಗಳೂ ಇವೆ.

ಸ್ಪರ್ಧೆಯ ನಿಯಮ ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಮೊದಲು ಗುರಿ ಮುಟ್ಟಿದವನು ಗೆದ್ದ ಎಂದಲ್ಲ. ಬಂಡೆಗಳ ನಡುವೆ ಎರಡೆರಡು ಗೂಟಗಳನ್ನು ನಿಲ್ಲಿಸಿ ‘ಗೇಟು’ಗಳನ್ನು ಮಾಡಿರುತ್ತಾರೆ. ಗಾಡಿ ಆ ಗೇಟುಗಳನ್ನು ಒಂದರ ನಂತರ ಒಂದಾಗಿ ದಾಟಬೇಕು. ಹಿಂದಕ್ಕೆ ಸರಿದರೆ ದಂಡದ ಅಂಕ. ಗೂಟ ತಾಗಿದರೆ ಇನ್ನೂ ಹೆಚ್ಚು. ಮಗುಚಿದ ಗಾಡಿಯನ್ನು ಕೈಯಿಂದ ಎತ್ತಿ ನಿಲ್ಲಿಸಿದರೂ ದಂಡ. ಕೊನೆಗೆ ಯಾರ ಅಂಕ ಅತಿ ಕಡಿಮೆಯೋ ಅವನೇ ಗೆದ್ದವನು. ಸಮಯದ ಮಿತಿಯುಂಟು, ಆದರೆ ಅವಸರಕ್ಕೆ ಬಹುಮಾನವಿಲ್ಲ. ತಪ್ಪು ಕಡಿಮೆ ಮಾಡಿದವನಿಗೆ ಮಾತ್ರ ಬಹುಮಾನ.

ಹುಡುಗನ ತಪ್ಪು ಮತ್ತು ನಾನಾರ ಮಾತು

ಆ ಹುಡುಗ ನನ್ನನ್ನು ಮನೆಯ ಹಿಂದಿನ ಬಟ್ಟೆ ಒಗೆಯುವ ಕಲ್ಲಿನ ಬಳಿಗೆ ಕರೆದೊಯ್ದ. ಹೊಸ ಮೋಟಾರಿನ ಗಾಡಿಯನ್ನು ಕಲ್ಲಿನ ಬುಡದಲ್ಲಿಟ್ಟು ರಿಮೋಟ್ ಒತ್ತಿದ. ಗಾಡಿ ಕಪ್ಪೆಯಂತೆ ಜಿಗಿಯಿತು, ಮುಂದಿನ ಚಕ್ರಗಳು ಆಕಾಶ ನೋಡಿದವು, ಬೆನ್ನ ಮೇಲೆ ಬಿತ್ತು. ಐದು ಸಲ ಬಿಟ್ಟ. ಐದು ಸಲವೂ ಅದೇ. “ಶಕ್ತಿ ಸಾಲುತ್ತಿಲ್ಲ ಟೀಚರ್, ಇನ್ನೂ ದೊಡ್ಡ ಮೋಟಾರು ಬೇಕು” ಎಂದ.

ಮೂಲೆಯ ಕುರ್ಚಿಯಲ್ಲಿ ಅವನ ನಾನಾ ಕುಳಿತಿದ್ದರು. ಎಪ್ಪತ್ತು ದಾಟಿದವರು. ಮೈಸೂರು ಮೈನ್ಸ್‌ನಲ್ಲಿ ಫಿಟ್ಟರ್ ಆಗಿದ್ದವರು. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಗಣಿಯ ಮಾತನ್ನೇ ಆಡುತ್ತಿರಲಿಲ್ಲವೆಂದು ಮಗಳು ನನಗೆ ಆಮೇಲೆ ಹೇಳಿದರು. ಆ ದಿನ ಅವರು ಮೆಲ್ಲಗೆ ಕೇಳಿದರು:

“ಬೇಟಾ, ನಿನ್ನ ಗಾಡಿ ಹತ್ತಬೇಕೋ, ಹಾರಬೇಕೋ?”

ಹುಡುಗ ಸುಮ್ಮನಾದ.

“ಕೇಜಿನಲ್ಲಿ ಜನರನ್ನು ಕೂರಿಸಿ ಭೂಮಿಯೊಳಗೆ ಇಳಿಸುತ್ತಿದ್ದೆವು. ಅಷ್ಟು ದೊಡ್ಡ ಇಂಜಿನ್ನಿನ ಮುಂದೆ ಕೂತವನು ಮಾಡುತ್ತಿದ್ದ ಕೆಲಸ ಏನು ಗೊತ್ತಾ? ಹಿಡಿದು ಬಿಡುವುದು. ಶಕ್ತಿ ಇಂಜಿನ್ನಿನದು, ಹಿಡಿತ ಮನುಷ್ಯನದು” ಎಂದರು.

ಸಹೋದರಿಯರೇ, 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ತಂದು ಯಂತ್ರ ಓಡಿಸಿದ ಊರು ನಮ್ಮದು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿತ್ತು. ಅಂತಹ ಆಳದಿಂದ ಜನರನ್ನೂ ಕಲ್ಲನ್ನೂ ಮೇಲಕ್ಕೆ ತಂದ ಯಂತ್ರಗಳನ್ನು ನೋಡಿಕೊಂಡ ಕೈಗಳು ಇನ್ನೂ ಕೆಲವು ಮನೆಗಳ ಮೂಲೆಯ ಕುರ್ಚಿಗಳಲ್ಲಿವೆ. ಅವರ ಮೊಮ್ಮಕ್ಕಳು ಅದೇ ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ಪಾಠ ಹುಡುಕುತ್ತಿದ್ದಾರೆ.

ಗೇರಿನ ಲೆಕ್ಕ

ಮುಂದಿನ ನಾಲ್ಕು ಭಾನುವಾರ ನಡೆದದ್ದನ್ನು ವಿವರವಾಗಿ ಹೇಳುತ್ತೇನೆ. ನಿಮ್ಮ ಮಗನಿಗೂ ಉಪಯೋಗವಾಗಬಹುದು.

ಮೋಟಾರಿನ ತುದಿಯಲ್ಲಿ ಒಂದು ಪುಟ್ಟ ಗೇರು ಇರುತ್ತದೆ, ಅದು ಪಿನಿಯನ್. ಅದು ತಿರುಗಿಸುವ ದೊಡ್ಡ ಗೇರು ಸ್ಪರ್. ಹುಡುಗನ ಗಾಡಿಯಲ್ಲಿ ಸ್ಪರ್‌ಗೆ 54 ಹಲ್ಲು, ಪಿನಿಯನ್‌ಗೆ 15. ಅಂದರೆ ಮೋಟಾರು 3.6 ಸುತ್ತು ತಿರುಗಿದರೆ ಸ್ಪರ್ ಒಂದು ಸುತ್ತು. ನಾನಾ ಹೇಳಿದರು, “ಹನ್ನೆರಡು ಹಲ್ಲಿನದು ಹಾಕು.” ಏಳನೇ ತರಗತಿಯ ತಂಗಿ ತಕ್ಷಣ ಲೆಕ್ಕ ಹಾಕಿದಳು: 54ನ್ನು 12ರಿಂದ ಭಾಗಿಸಿದರೆ 4.5. ವೇಗ ಐದನೇ ಒಂದು ಪಾಲು ಇಳಿಯಿತು, ಎಳೆಯುವ ಬಲ ಕಾಲು ಪಾಲು ಏರಿತು. ಸೈಕಲಿನಲ್ಲಿ ದಿಣ್ಣೆ ಹತ್ತುವಾಗ ಸಣ್ಣ ಗೇರಿಗೆ ಹಾಕುತ್ತಾರಲ್ಲ, ಅದೇ ಲೆಕ್ಕ. ಹೊಸ ಪಿನಿಯನ್ನಿಗೆ ತಗುಲಿದ್ದು ಹೊಸ ಮೋಟಾರಿನ ಬೆಲೆಯ ಸಣ್ಣ ಪಾಲು ಮಾತ್ರ.

ಎರಡು ಗೇರುಗಳ ಹಲ್ಲು ತೀರ ಬಿಗಿಯಾಗಿ ಕಚ್ಚಿದರೆ ಮೋಟಾರು ಬಿಸಿಯಾಗುತ್ತದೆ. ಸಡಿಲವಾದರೆ ಹಲ್ಲು ಸವೆಯುತ್ತದೆ. ಇದಕ್ಕೆ ಸುಲಭ ಉಪಾಯವಿದೆ. ನೋಟ್‌ಬುಕ್ಕಿನ ಹಾಳೆಯ ಒಂದು ಪಟ್ಟಿಯನ್ನು ಎರಡು ಗೇರುಗಳ ನಡುವೆ ಇಟ್ಟು, ಒತ್ತಿ ಹಿಡಿದು ಸ್ಕ್ರೂ ಬಿಗಿಯಬೇಕು. ಆಮೇಲೆ ಕಾಗದ ತೆಗೆದರೆ ಉಳಿಯುವ ಸಂದೇ ಸರಿಯಾದ ಸಂದು.

ಹುಡುಗ ಕೊಂಡ ಮೋಟಾರಿನಲ್ಲೂ ಒಂದು ಪಾಠವಿತ್ತು. ಈ ಮೋಟಾರುಗಳ ಮೇಲೆ 27, 35, 45, 55 ಎಂದು ಬರೆದಿರುತ್ತದೆ. ಅದು ಒಳಗಿನ ತಂತಿಯ ಸುತ್ತುಗಳ ಸಂಖ್ಯೆ. ಸುತ್ತು ಕಡಿಮೆಯಾದಷ್ಟೂ ಮೋಟಾರು ಜೋರಾಗಿ ಓಡುತ್ತದೆ. ಸುತ್ತು ಹೆಚ್ಚಿದಷ್ಟೂ ನಿಧಾನವಾಗಿ, ಬಲವಾಗಿ ಎಳೆಯುತ್ತದೆ. ಅವನು ‘ಜೋರು’ ಎಂದು ಕೇಳಿ ತಂದದ್ದು ಓಟದ ಮೋಟಾರು. ಬಂಡೆಗೆ ಬೇಕಾದದ್ದು ಅದರ ತದ್ವಿರುದ್ಧ. ಪೆಟ್ಟಿಗೆಯಲ್ಲಿ ಬಿದ್ದಿದ್ದ ಹಳೆಯ 45 ಸುತ್ತಿನ ಮೋಟಾರೇ ಮತ್ತೆ ಗಾಡಿಗೆ ಹೋಯಿತು. ಈದಿಯ ಹಣ ಹೋದದ್ದು ಹೋಯಿತು, ಆದರೆ ಆ ಪಾಠವನ್ನು ಹುಡುಗ ಮರೆಯಲಾರ.

ಅಡುಗೆಮನೆಯ ತಕ್ಕಡಿ

ಗಾಡಿ ಈಗ ಜಿಗಿಯಲಿಲ್ಲ. ಆದರೂ ಕಡಿದಾದ ಕಡೆ ಹಿಂದಕ್ಕೆ ಮಗುಚುತ್ತಿತ್ತು. ಇಲ್ಲಿ ತಾಯಿಯ ಅಡುಗೆಮನೆ ಕೆಲಸಕ್ಕೆ ಬಂತು. ಡಿಜಿಟಲ್ ತಕ್ಕಡಿಯ ಮೇಲೆ ಮುಂದಿನ ಎರಡು ಚಕ್ರಗಳನ್ನಿಟ್ಟು, ಅಷ್ಟೇ ಎತ್ತರದ ಪುಸ್ತಕಗಳ ಮೇಲೆ ಹಿಂದಿನ ಚಕ್ರಗಳನ್ನಿಟ್ಟು ತೂಗಿದರು. ಆಮೇಲೆ ತಿರುಗಿಸಿ ಹಿಂಭಾಗ ತೂಗಿದರು. ಮುಂದೆ 900 ಗ್ರಾಂ, ಹಿಂದೆ 1,100. ಬೆಟ್ಟ ಹತ್ತುವ ಗಾಡಿಗೆ ಇದು ಉಲ್ಟಾ.

ತುಂಬಿದ ಕೊಡ ಹೊತ್ತು ದಿಣ್ಣೆ ಹತ್ತುವಾಗ ನಾವೇನು ಮಾಡುತ್ತೇವೆ? ಮೈಯನ್ನು ಮುಂದಕ್ಕೆ ಬಾಗಿಸುತ್ತೇವೆ. ಗಾಡಿಯೂ ಹಾಗೆಯೇ, ಭಾರ ಮುಂದಿರಬೇಕು. ನೂರರಲ್ಲಿ ಐವತ್ತೈದರಿಂದ ಅರವತ್ತು ಪಾಲು ಮುಂದೆ ಇದ್ದರೆ ಒಳ್ಳೆಯದು. ಅಷ್ಟೇ ಅಲ್ಲ, ಭಾರ ಕೆಳಗೂ ಇರಬೇಕು. ಮೇಲೆ ಮೂಟೆ ಹೇರಿದ ಬಸ್ಸು ತಿರುವಿನಲ್ಲಿ ಹೇಗೆ ವಾಲುತ್ತದೆಂದು ನೀವು ಬಲ್ಲಿರಿ. ಹುಡುಗ ಬ್ಯಾಟರಿಯನ್ನು ಹಿಂದಿನಿಂದ ತೆಗೆದು ಮುಂದೆ, ತಳಕ್ಕೆ ಕಟ್ಟಿದ. ಅಂದಕ್ಕೆಂದು ಮಾಡಿನ ಮೇಲೆ ಅಂಟಿಸಿದ್ದ ಕ್ಯಾರಿಯರ್, ಲೈಟು, ಪುಟ್ಟ ಡಬ್ಬಿಗಳನ್ನೆಲ್ಲ ಮನಸ್ಸಿಲ್ಲದ ಮನಸ್ಸಿನಿಂದ ಕಿತ್ತ.

ಉಳಿದ ಭಾರಕ್ಕೆ ಅಂಗಡಿಯ ಹಿತ್ತಾಳೆ ಬಿಡಿಭಾಗಗಳು ದುಬಾರಿ. ಬಂಗಾರಪೇಟೆಯ ಟಯರ್ ಅಂಗಡಿಯೊಂದರಲ್ಲಿ ಕಾರಿನ ಚಕ್ರಕ್ಕೆ ಅಂಟಿಸುವ ಬ್ಯಾಲೆನ್ಸಿಂಗ್ ತೂಕದ ತುಂಡುಗಳು ಸಿಕ್ಕವು. ಅವನ್ನು ಮುಂದಿನ ಎರಡು ಚಕ್ರಗಳ ಒಳಸುತ್ತಿಗೆ ಅಂಟಿಸಿದರು. ಚಕ್ರದಲ್ಲಿರುವ ಭಾರ ನೆಲಕ್ಕೆ ಹತ್ತಿರ, ಸ್ಪ್ರಿಂಗಿನ ಮೇಲೂ ಹೊರೆಯಿಲ್ಲ. ಒಂದು ಎಚ್ಚರಿಕೆ: ಈ ತುಂಡುಗಳಲ್ಲಿ ಕೆಲವು ಸೀಸದವು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲೇಬೇಕು. ಚಿಕ್ಕ ಮಕ್ಕಳ ಕೈಗೆ ಸಿಗಲೇಬಾರದು. ಇನ್ನೊಮ್ಮೆ ತೂಗಿದಾಗ ಮುಂದೆ 1,260, ಹಿಂದೆ 900. ತಂಗಿ ಲೆಕ್ಕ ಹಾಕಿ ಹೇಳಿದಳು, ನೂರಕ್ಕೆ ಐವತ್ತೆಂಟು.

ಹಾಗೆಂದು ಭಾರ ಹಾಕುತ್ತಲೇ ಹೋಗಬಾರದು. ಚಕ್ರ ಭಾರವಾದಷ್ಟೂ ಆಕ್ಸಲ್ಲಿಗೆ, ಚಕ್ರ ತಿರುಗಿಸುವ ಸರ್ವೋ ಮೋಟಾರಿಗೆ ಕಷ್ಟ. ಎರಡು ಕಲ್ಲುಗಳ ನಡುವೆ ಸಿಕ್ಕಿದ ಚಕ್ರವನ್ನು ದುರ್ಬಲ ಸರ್ವೋ ತಿರುಗಿಸಲಾರದು.

ಟಯರು, ಸ್ಪ್ರಿಂಗು, ಒಂದು ನೋಟ್‌ಬುಕ್

ಟಯರು ಮೆತ್ತಗಿರಬೇಕು. ಇದರೊಳಗೆ ಗಾಳಿ ತುಂಬುವುದಿಲ್ಲ, ಸ್ಪಂಜು ಇರುತ್ತದೆ. ಚಕ್ರದಲ್ಲಿ ಸಣ್ಣ ತೂತು ಇದ್ದರೆ ಒತ್ತಿದಾಗ ಗಾಳಿ ಹೊರಹೋಗಿ ಟಯರು ಕಲ್ಲನ್ನು ಅಪ್ಪಿ ಹಿಡಿಯುತ್ತದೆ. ಧೂಳು ಮೆತ್ತಿದ ಟಯರು ಜಾರುತ್ತದೆ; ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಸ್ಪ್ರಿಂಗು ಬಿಗಿಯಾಗಿದ್ದರೆ ಒಂದು ಚಕ್ರ ಕಲ್ಲೇರಿದಾಗ ಇನ್ನೊಂದು ಗಾಳಿಯಲ್ಲಿ ತೇಲುತ್ತದೆ. ತೀರ ಮೆತ್ತಗಿದ್ದರೆ ಗಾಡಿ ಒಂದು ಬದಿಗೆ ವಾಲುತ್ತದೆ. ನಾಲ್ಕೂ ಚಕ್ರ ನೆಲಕ್ಕೆ ತಾಗಿಕೊಂಡಿರಬೇಕು, ಇದೇ ಅಳತೆ. ಸಾಮಾನ್ಯ ಕಾರಿನಲ್ಲಿ ಜಾರುವ ಚಕ್ರದ ಕಡೆಗೇ ಶಕ್ತಿ ಹರಿದು ಹೋಗುತ್ತದೆ. ಕ್ರಾಲರಿನಲ್ಲಿ ಎಡ ಬಲ ಚಕ್ರಗಳನ್ನು ಬಿಗಿದು ಒಂದಾಗಿ ಕಟ್ಟಿರುತ್ತಾರೆ. ಒಂದು ಜಾರಿದರೂ ಇನ್ನೊಂದು ಎಳೆಯುತ್ತದೆ.

ಆದರೆ ನಾನು ಕಂಡ ಅತಿ ದೊಡ್ಡ ಬದಲಾವಣೆ ಗಾಡಿಯಲ್ಲಿ ಆಗಲಿಲ್ಲ. ಎರಡನೇ ಭಾನುವಾರ ಹುಡುಗ ಒಂದೇ ಸಲಕ್ಕೆ ಸ್ಪ್ರಿಂಗು ಬದಲಿಸಿದ, ತೂಕ ಬದಲಿಸಿದ, ಟಯರಿನ ಸ್ಪಂಜು ಕತ್ತರಿಸಿದ. ಗಾಡಿ ಮೊದಲಿಗಿಂತ ಕೆಟ್ಟಿತು. ಯಾವುದರಿಂದ ಕೆಟ್ಟಿತೆಂದು ಅವನಿಗೆ ಗೊತ್ತಿಲ್ಲ. ನಾನಾ ಆಗ ಕೇಳಿದ್ದು ನೋಟ್‌ಬುಕ್. “ಒಂದು ಸಲಕ್ಕೆ ಒಂದನ್ನೇ ಬದಲಿಸು. ಬರೆದಿಡು. ಮೂರು ಸಲ ಓಡಿಸಿ ನೋಡು. ಆಮೇಲೆ ಇನ್ನೊಂದಕ್ಕೆ ಕೈ ಹಾಕು.” ಒಂದು ಹಲಗೆಯನ್ನು ಗೋಡೆಗೆ ಒರಗಿಸಿ, ಎಷ್ಟು ಇಂಚು ಎತ್ತರಿಸಿದಾಗ ಗಾಡಿ ಮಗುಚುತ್ತದೆಂದು ಅಳೆದು ಬರೆಯತೊಡಗಿದರು.

ಇಪ್ಪತ್ತು ವರ್ಷಗಳಿಂದ ನಾನು ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಪ್ರಯೋಗ ಎಂದರೇನು ಎಂಬುದನ್ನು ಕರಿಹಲಗೆಯ ಮೇಲೆ ಎಷ್ಟು ಬರೆದರೂ ಮಕ್ಕಳ ತಲೆಗೆ ಹೋಗದ ಮಾತು, ಆ ಹಲಗೆಯ ಮುಂದೆ ಒಂದು ಗಂಟೆಯಲ್ಲಿ ಹೋಯಿತು.

ತಾಯಂದಿರು ಬಿಗಿಯಾಗಿರಬೇಕಾದ ವಿಷಯಗಳು

ಹಾಗೆಂದು ಎಲ್ಲಕ್ಕೂ ಹೂಂ ಎನ್ನಬೇಡಿ. ಮೂರು ವಿಷಯಗಳಲ್ಲಿ ನೀವು ಬಿಗಿಯಾಗಿರಲೇಬೇಕು.

ಮೊದಲನೆಯದು ಬ್ಯಾಟರಿ. ಇದರಲ್ಲಿ ಬಳಸುವ ಲಿಥಿಯಂ ಪಾಲಿಮರ್ ಬ್ಯಾಟರಿ ಬೆಂಕಿ ಹಿಡಿಯಬಲ್ಲದು. ಅದಕ್ಕೆಂದೇ ಇರುವ ಬ್ಯಾಲೆನ್ಸ್ ಚಾರ್ಜರಿನಲ್ಲಿ ಮಾತ್ರ ಚಾರ್ಜ್ ಮಾಡಬೇಕು. ಪ್ರತಿ ಸೆಲ್ಲಿಗೆ 4.2 ವೋಲ್ಟ್ ದಾಟಬಾರದು, 3ಕ್ಕಿಂತ ಇಳಿಯಬಾರದು. ಬಳಸದೆ ಇಡುವಾಗ ಸುಮಾರು 3.8ರಲ್ಲಿರಬೇಕು. ಹಾಸಿಗೆಯ ಮೇಲೆ, ಪರದೆಯ ಬಳಿ ಬೇಡ. ಬರಿಯ ಕಲ್ಲು ನೆಲದ ಮೇಲೆ, ಒಬ್ಬರು ಎದುರಿಗೆ ಇರುವಾಗಲೇ ಚಾರ್ಜ್ ಆಗಲಿ. ರಾತ್ರಿ ಹಾಕಿ ಮಲಗುವುದು ಬೇಡವೇ ಬೇಡ. ಬ್ಯಾಟರಿ ಉಬ್ಬಿದ್ದು ಕಂಡರೆ ಅದರ ಆಯುಷ್ಯ ಮುಗಿಯಿತು. ಚುಚ್ಚದೆ, ಮತ್ತೆ ಚಾರ್ಜಿಗೆ ಹಾಕದೆ ಮನೆಯಿಂದ ಹೊರಗಿಡಿ.

ಎರಡನೆಯದು ಜಾಗ. ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನು ಕಂಡ ಹುಡುಗರಿಗೆ ಇಂತಹ ಗಾಡಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ ಎನಿಸುತ್ತದೆ. ಸಿನಿಮಾದವರೂ ಅಲ್ಲಿ ಚಿತ್ರೀಕರಣ ಮಾಡಿದ್ದಾರೆ. ಆದರೆ ಅದು ಬೆಟ್ಟವಲ್ಲ. ಕಲ್ಲನ್ನು ಹಿಟ್ಟಿನಂತೆ ಪುಡಿಮಾಡಿ, ಸೈನೈಡಿನಿಂದ ಚಿನ್ನ ತೆಗೆದು ಸುರಿದ ಮೂರು ಕೋಟಿ ಟನ್ನಿಗೂ ಹೆಚ್ಚಿನ ತ್ಯಾಜ್ಯ. ಗಾಳಿಗೆ ಏಳುವ ಅದರ ನಯವಾದ ಧೂಳು ಶ್ವಾಸಕೋಶಕ್ಕೆ ಕೇಡು. ಮಳೆ ಕೊರೆದ ಅಂಚುಗಳು ಕುಸಿಯುತ್ತವೆ. ಹಳೆಯ ಶಾಫ್ಟುಗಳ ಸುತ್ತಲಿನ ನೆಲವೂ ನಂಬಿಕೆಗೆ ತಕ್ಕದ್ದಲ್ಲ. ಅಲ್ಲಿಗೆ ಕಳುಹಿಸಬೇಡಿ. ಕೋಲಾರ ಜಿಲ್ಲೆಯಲ್ಲಿ ಗಟ್ಟಿ ಬಂಡೆಗೇನು ಬರವೇ?

ಮೂರನೆಯದು ಪಣ. ಹುಡುಗರು ತಲಾ ಇಪ್ಪತ್ತು ರೂಪಾಯಿ ಹಾಕಿ ಗೆದ್ದವನಿಗೆ ಕೊಡೋಣವೆಂದು ಮಾತಾಡಿಕೊಂಡಿದ್ದರು. ಅದು ಜೂಜು, ಆಟದ ಹೆಸರಿನಲ್ಲಿ ಬಂದರೂ ಜೂಜೇ ಎಂದು ನಾನು ತಡೆದೆ. ಬಹುಮಾನವಾಗಿ ಒಂದು ತಟ್ಟೆ ಸಮೋಸಾ ಕೊಡುತ್ತೇನೆಂದು ಆ ತಾಯಿ ಹೇಳಿದರು. ಯಾರೂ ಬೇಸರಪಡಲಿಲ್ಲ.

ಬೂದಿಕೋಟೆಯ ಬಂಡೆ

ಐದನೇ ಭಾನುವಾರ ನಾಲ್ವರು ಹುಡುಗರು, ತಂಗಿ, ನಾನಾ, ನಾವಿಬ್ಬರು ಬಂಗಾರಪೇಟೆಯಿಂದ ಬಸ್ಸು ಹಿಡಿದು ಬೂದಿಕೋಟೆಯ ಕಡೆಗೆ ಹೋದೆವು. ಹೈದರ್ ಅಲಿ ಹುಟ್ಟಿದ ಊರದು. ರಸ್ತೆಯಿಂದ ಸ್ವಲ್ಪ ದೂರದ ಬಂಡೆಯ ಮೇಲೆ ಊದುಬತ್ತಿಯ ಕಡ್ಡಿಗಳನ್ನು ಜೇಡಿಮಣ್ಣಿನ ಉಂಡೆಗೆ ಚುಚ್ಚಿ ಹತ್ತು ಗೇಟು ಮಾಡಿದರು. ಹಿಂದಕ್ಕೆ ಸರಿದರೆ ಒಂದು ಅಂಕ, ಕಡ್ಡಿ ಬಿದ್ದರೆ ಹತ್ತು, ಕೈಯಿಂದ ಎತ್ತಿದರೆ ಹತ್ತು ಎಂದು ತಾವೇ ಗೊತ್ತುಮಾಡಿಕೊಂಡರು. ತೀರ್ಪುಗಾರ್ತಿ ತಂಗಿ. ಅಣ್ಣನಿಗೂ ರಿಯಾಯಿತಿ ಇಲ್ಲ.

ನಮ್ಮ ಹುಡುಗ ಓಡಿಸುವ ಮೊದಲು ಬಂಡೆಯ ಸುತ್ತ ಎರಡು ಸಲ ನಡೆದು ದಾರಿ ನೋಡಿದ. ಏಳನೇ ಗೇಟಿನಲ್ಲಿ ಚಕ್ರ ಜಾರತೊಡಗಿತು. ತಿಂಗಳ ಹಿಂದಿನ ಹುಡುಗನಾಗಿದ್ದರೆ ರಿಮೋಟ್ ಇನ್ನೂ ಒತ್ತುತ್ತಿದ್ದ. ಈಗ ಬೆರಳು ಬಿಟ್ಟ. ಗಾಡಿ ಇಳಿಜಾರಿನಲ್ಲೇ ಹಿಡಿದು ನಿಂತಿತು. ಕ್ರಾಲರುಗಳಲ್ಲಿ ಬೆರಳು ಬಿಟ್ಟೊಡನೆ ತಾನೇ ಹಿಡಿಯುವ ಬ್ರೇಕಿನ ಏರ್ಪಾಡಿರುತ್ತದೆ. ಒಂದು ಅಂಕ ದಂಡ ತೆತ್ತು ಹಿಂದೆ ಸರಿದ, ಅರ್ಧ ಅಡಿ ಎಡಕ್ಕೆ ತಿರುಗಿಸಿ ಹತ್ತಿದ. ಒಂಬತ್ತನೇ ಗೇಟಿನಲ್ಲಿ ಕಡ್ಡಿ ಬಿತ್ತು. ಕೊನೆಗೆ ಅವನದು ಹದಿನಾಲ್ಕು ಅಂಕ, ಎರಡನೇ ಸ್ಥಾನ. ಮೊದಲ ಸ್ಥಾನ ಬಂದದ್ದು ಎಲ್ಲರಿಗಿಂತ ಅಗ್ಗದ, ಚಿಕ್ಕ ಗಾಡಿಗೆ. ಸಮೋಸಾ ಮಾತ್ರ ಎಲ್ಲರೂ ಹಂಚಿಕೊಂಡರು.

ಬಸ್ಸಿಗೆ ಕಾಯುವಾಗ ನಾನಾ ಹುಡುಗರಿಗೆ ಮೈಸೂರು ಮೈನ್ಸ್‌ನ ಮಾತು ಹೇಳುತ್ತಿದ್ದರು. ಯಾವ ಬೇರಿಂಗ್ ಹೇಗೆ ಸದ್ದು ಮಾಡುತ್ತಿತ್ತು, ಕಿವಿಯಿಂದಲೇ ಹೇಗೆ ದೋಷ ಹಿಡಿಯುತ್ತಿದ್ದರು ಎಂದು. ಆ ತಾಯಿ ನನ್ನ ಕೈ ಹಿಡಿದು, “ಆಪಾ, ಅಬ್ಬಾ ಇಷ್ಟು ಮಾತಾಡಿದ್ದನ್ನು ನಾನು ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ” ಎಂದರು.

ಈ ಗಾಡಿಯಿಂದ ಮಗನಿಗೆ ನೌಕರಿ ಸಿಗುತ್ತದೆಂದು ನಾನು ಹೇಳುವುದಿಲ್ಲ. ಓದು ಬಿಟ್ಟು ಇದನ್ನೇ ಹಿಡಿಯಲಿ ಎಂದೂ ಹೇಳುವುದಿಲ್ಲ. ವಾರಕ್ಕೊಂದು ದಿನ ಸಾಕು, ಆ ಮನೆಯಲ್ಲೂ ಈಗ ಅದೇ ನಿಯಮ. ಆದರೆ ನಮ್ಮ ಊರಿನ ಗಣಿ ಮುಚ್ಚಿದಾಗ ಚಿನ್ನ ಮಾತ್ರ ನೆಲದೊಳಗೆ ಉಳಿಯಲಿಲ್ಲ. ಕೈಗಳಲ್ಲಿದ್ದ ವಿದ್ಯೆಯೂ ಮನೆಗಳೊಳಗೆ ಉಳಿದುಹೋಯಿತು. ಅದನ್ನು ಬಲ್ಲವರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ನಿಮ್ಮ ಮನೆಯಲ್ಲೂ ಅಂತಹ ಒಬ್ಬ ನಾನಾ, ದಾದಾ, ಮಾಮೂ ಇರಬಹುದು. ಫಿಟ್ಟರ್ ಆಗಿರಬಹುದು, ದರ್ಜಿಯಾಗಿರಬಹುದು, ಲಾರಿ ಮೆಕ್ಯಾನಿಕ್ ಆಗಿರಬಹುದು.

ಮುಂದಿನ ಸಲ ಮಗ ಹೊಸ ಮೋಟಾರು ಕೇಳಿದಾಗ ಮೊದಲು ಒಂದು ನೋಟ್‌ಬುಕ್ ಕೊಡಿಸಿ. ಆಮೇಲೆ ಆ ಹಿರಿಯರ ಕುರ್ಚಿಯ ಪಕ್ಕ ಅವನನ್ನು ಕೂರಿಸಿ. ಮಗಳನ್ನೂ ಕೂರಿಸಲು ಮರೆಯಬೇಡಿ.